ಕೊಠಡಿಯ ಸಹವಾಸಿ

ಮುಂಗಾರು ಹಿಡಿಯುವ ಕಾಲಕ್ಕೆ ಸರಿಯಾಗಿ ವರ್ಷವರ್ಷವೂ ಕಾಲೇಜುಗಳ ಬಾಗಿಲು ತೆರೆಯುತ್ತದೆ. ಆಗ ವಿದ್ಯಾರ್ಥಿನಿಲಯಗಳ ಮುಂದೆ ಕಾಣಬರುವ ನೋಟವು ಎಲ್ಲೆಲ್ಲಿಯೂ ಒಂದೇ. ಬಸ್ಸಿನಿಂದ ಇಳಿದ ತಂದೆಯ ಹೆಗಲ ಮೇಲೆ ಟ್ರಂಕು, ತಾಯಿಯ ಕೈಯಲ್ಲಿ ಉಪ್ಪಿನಕಾಯಿಯ ಭರಣಿ, ಮಗನ ಕಂಕುಳಲ್ಲಿ ಹಾಸಿಗೆಯ ಸುರುಳಿ. ಕೊಠಡಿಯ ಸಂಖ್ಯೆ ತಿಳಿದೊಡನೆ ತಂದೆತಾಯಿಗಳು ಮೇಲ್ವಿಚಾರಕರನ್ನು ಕೇಳುವ ಮೊದಲನೆಯ ಪ್ರಶ್ನೆಯು ಪಾಠ ಹೇಳುವವರು ಯಾರು ಎಂದಲ್ಲ. ನೀರಿನ ಅನುಕೂಲ ಹೇಗೆ ಎಂದೂ ಅಲ್ಲ. "ಜೊತೆಯಲ್ಲಿರುವ ಹುಡುಗ ಯಾವ ಕಡೆಯವನು?" ಎಂಬುದೇ ಆ ಪ್ರಶ್ನೆ. "ಕಡೆ" ಎಂದರೆ ಇಲ್ಲಿ ದಿಕ್ಕಲ್ಲ, ಸೀಮೆಯೂ ಅಲ್ಲವೆಂಬುದನ್ನು ಕನ್ನಡ ಬಲ್ಲವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಮೇಲ್ವಿಚಾರಕರೂ ಆ ಅರ್ಥವನ್ನೇ ಗ್ರಹಿಸಿ ಅದಕ್ಕೇ ಉತ್ತರ ಕೊಡುತ್ತಾರೆ. ಉತ್ತರವು ಸಮಾಧಾನಕರವಾಗಿದ್ದರೆ ಟ್ರಂಕು ಒಳಕ್ಕೆ ಹೋಗುತ್ತದೆ. ಇಲ್ಲವಾದರೆ ಟ್ರಂಕು ಜಗಲಿಯ ಮೇಲೆಯೇ ನಿಲ್ಲುತ್ತದೆ, ತಂದೆಯವರು ಕಚೇರಿಗೆ ನಡೆಯುತ್ತಾರೆ.

ಈ ಪ್ರಶ್ನೆಯೂ ಇದರ ಬೆನ್ನಿಗೆ ಬರುವ ಕೋರಿಕೆಗಳೂ ಈಚೆಗೆ ಹಕ್ಕಿನ ರೂಪವನ್ನು ತಳೆಯುತ್ತಿವೆ. ಸಹವಾಸಿಯನ್ನು ವಿದ್ಯಾರ್ಥಿಯೇ ಆರಿಸಿಕೊಳ್ಳಬೇಕೆಂಬುದು ಒಂದು ವಾದ. ಮನಸ್ಸಿಗೆ ಬಾರದಿದ್ದರೆ ಕೇಳಿದೊಡನೆ ಕೊಠಡಿಯನ್ನು ಬದಲಾಯಿಸಿಕೊಡಬೇಕೆಂಬುದು ಇನ್ನೊಂದು. ಹಣ ತೆರಬಲ್ಲವನಿಗೆ ಒಂಟಿ ಕೊಠಡಿಯೇ ದೊರೆಯಬೇಕೆಂಬುದು ಮೂರನೆಯದು. ಬೆಂಗಳೂರಿನಂಥ ನಗರಗಳಲ್ಲಿ ಪಿ.ಜಿ. ಎಂದು ಕರೆಯಲ್ಪಡುವ ಬಾಡಿಗೆಯ ವಸತಿಗಳಲ್ಲಿಯೂ, ಮೂವರು ನಾಲ್ವರು ಉದ್ಯೋಗಸ್ಥರು ಸೇರಿ ಹಿಡಿಯುವ ಮನೆಗಳಲ್ಲಿಯೂ ಈ ಹಕ್ಕು ಆಗಲೇ ನೆಲೆಯೂರಿದೆ. ಆಹಾರ, ಭಾಷೆ, ಊರು, ಉದ್ಯೋಗಗಳನ್ನು ಮೊಬೈಲು ಫೋನಿನಲ್ಲಿ ಗುರುತು ಹಾಕಿ ಜೊತೆಗಾರನನ್ನು ಹುಡುಕುವುದೂ, ಅವನು ಒಗ್ಗದಿದ್ದರೆ ತಿಂಗಳು ತುಂಬುವ ಮೊದಲೇ ಇನ್ನೊಬ್ಬನನ್ನು ಹುಡುಕುವುದೂ ಅಲ್ಲಿ ವಾಡಿಕೆಯ ಮಾತು. ಆ ವಾಡಿಕೆಯೇ ವಿದ್ಯಾರ್ಥಿನಿಲಯಗಳಿಗೂ ಮೇಲ್ಪಂಕ್ತಿಯಾಗಬೇಕೆಂದು ಬಯಸುವವರು ಹೆಚ್ಚುತ್ತಿದ್ದಾರೆ.

ಈ ಮೂರು ವಾದಗಳಿಗೂ ತಳದಲ್ಲಿರುವ ತಪ್ಪು ಒಂದೇ. ಸಹವಾಸಿಗಳ ಸಂಬಂಧವು ಅಂಗಡಿಯಲ್ಲಿ ಬಟ್ಟೆಯನ್ನು ಮುಟ್ಟಿ ನೋಡುವಂತೆ ಮೊದಲನೆಯ ದಿನವೇ ಪರೀಕ್ಷಿಸಿ ತೀರ್ಮಾನಿಸತಕ್ಕ ವಸ್ತುವೆಂದು ಇವು ತಿಳಿದುಕೊಂಡಿವೆ. ವಾಸ್ತವವಾಗಿ ಅದು ಕಾಲದಿಂದ ಮಾಗತಕ್ಕದ್ದು. ಅದಕ್ಕೆ ತನ್ನದೇ ಆದ ಋತುಗಳುಂಟು. ಅವುಗಳಲ್ಲಿ ಎರಡನೆಯದು ಕಹಿಯಾದದ್ದು. ಆ ಕಹಿಯನ್ನು ದಾಟದೆ ಮೂರನೆಯದು ಬಾರದು. ಕಹಿ ತೋರಿದೊಡನೆ ಕೊಠಡಿಯನ್ನು ಬದಲಾಯಿಸಿಕೊಡುವ ಮೇಲ್ವಿಚಾರಕನು ಹೂ ಬಿಡುವ ಮೊದಲೇ ಗಿಡವನ್ನು ಕಿತ್ತು ಬೇರೆ ಕಡೆ ನೆಡುವ ತೋಟಗಾರನಿಗೆ ಸಮಾನನು.

ಮೊದಲನೆಯ ಋತುವನ್ನು ಬಲ್ಲವರಿಲ್ಲದಿಲ್ಲ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದನಂತೆ. ಹೊಸ ಸಹವಾಸಿಗಳ ನಡತೆಯೂ ಹಾಗೆಯೇ. "ಕಿಟಕಿಯ ಪಕ್ಕದ ಮಂಚ ತಾವೇ ತೆಗೆದುಕೊಳ್ಳಿ" ಎಂದು ಒಬ್ಬನು. "ಛೆ, ತಾವೇ ಮಲಗಿ" ಎಂದು ಇನ್ನೊಬ್ಬನು. ಮನೆಯಿಂದ ತಂದ ಕೋಡುಬಳೆಯ ಡಬ್ಬಿ ಎರಡು ಮಂಚಗಳ ನಡುವೆ ತೆರೆದೇ ಇರುತ್ತದೆ. ಒಬ್ಬನು ಓದುತ್ತಿದ್ದರೆ ಇನ್ನೊಬ್ಬನು ಬೆರಳ ತುದಿಯಲ್ಲಿ ನಡೆಯುತ್ತಾನೆ. ಈ ಉಪಚಾರವು ಸ್ನೇಹವಲ್ಲ. ಅಪರಿಚಿತರ ಭಯಕ್ಕೆ ತೊಡಿಸಿದ ಒಳ್ಳೆಯ ಅಂಗಿ. ಇದನ್ನೇ ಹೊಂದಾಣಿಕೆಯೆಂದು ನಂಬಿ ತಂದೆತಾಯಿಗಳು ಸಂತೋಷದಿಂದ ಊರಿಗೆ ಮರಳುತ್ತಾರೆ.

ಎರಡು ತಿಂಗಳು ಕಳೆಯುವಷ್ಟರಲ್ಲಿ ಆ ಅಂಗಿ ಹರಿಯುತ್ತದೆ. ಒದ್ದೆಯ ಟವಲು ಇನ್ನೊಬ್ಬನ ಕುರ್ಚಿಯ ಮೇಲೆ ಬೀಳುತ್ತದೆ. ಒಬ್ಬನಿಗೆ ಬೆಳಗಿನ ನಾಲ್ಕು ಗಂಟೆಗೆ ಗಟ್ಟಿಯಾಗಿ ಓದಿದರೆ ಹೊರತು ಪಾಠ ತಲೆಗೆ ಹತ್ತದು. ಇನ್ನೊಬ್ಬನಿಗೆ ರಾತ್ರಿ ಒಂದು ಗಂಟೆಯವರೆಗೆ ಫೋನಿನಲ್ಲಿ ಮಾತನಾಡದೆ ನಿದ್ರೆ ಬಾರದು. ಒಬ್ಬನಿಗೆ ಫ್ಯಾನು ಬೇಕು, ಇನ್ನೊಬ್ಬನಿಗೆ ಶೀತ. ಸಾಬೂನು ಯಾರು ಕೊಂಡರೂ ಬೇಗನೆ ಕರಗುತ್ತದೆ, ಚಹದ ಲೆಕ್ಕದಲ್ಲಿ ಯಾವಾಗಲೂ ಹತ್ತು ರೂಪಾಯಿ ತಪ್ಪುತ್ತದೆ. ಇವೆಲ್ಲವೂ ಸಣ್ಣ ಮಾತುಗಳು. ಇವುಗಳ ಹಿಂದೆ ಅಷ್ಟು ಸಣ್ಣವಲ್ಲದ ಮಾತುಗಳೂ ಮೆಲ್ಲಗೆ ತಲೆಯೆತ್ತುತ್ತವೆ. ಗೋಡೆಯ ಮೇಲೆ ತೂಗುಹಾಕಿದ ಪಟ ಯಾವ ದೇವರದು, ಅಥವಾ ಯಾವ ನಾಯಕನದು. ಹಬ್ಬಕ್ಕೆ ಹೋಗಿಬಂದವನ ಡಬ್ಬಿಯಲ್ಲಿರುವುದು ತುಪ್ಪದ ಹೋಳಿಗೆಯೋ ಒಣಮೀನಿನ ಚಟ್ನಿಯೋ. ಒಬ್ಬನ ಕನ್ನಡವನ್ನು ಕೇಳಿ ಇನ್ನೊಬ್ಬನು ನಕ್ಕನೋ ಇಲ್ಲವೋ. ಒಂದು ದಿನ ಇವೆಲ್ಲವೂ ಒಟ್ಟಾಗಿ ಸ್ಫೋಟಿಸುತ್ತವೆ. ಇಬ್ಬರೂ ಮಾತು ಬಿಡುತ್ತಾರೆ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹಿರಿಯರು ಹೇಳಿದರು. ಕೊಠಡಿಯ ಜಗಳಕ್ಕೆ ಆ ಅನುಕೂಲವಿಲ್ಲ, ಏಕೆಂದರೆ ಇಲ್ಲಿ ಊಟವೂ ಬೇರೆ ಬೇರೆ ಪಂಕ್ತಿಯಲ್ಲಿ ಮುಗಿಯುತ್ತದೆ, ಮಲಗುವಾಗ ಗೋಡೆಯ ಕಡೆಗೆ ಮುಖ ತಿರುಗುತ್ತದೆ.

ಬದಲಾವಣೆಯ ಅರ್ಜಿ ಬರುವುದು ಈ ಘಟ್ಟದಲ್ಲಿ. ಹಕ್ಕಿನ ವಾದವನ್ನು ಹೂಡುವವರು ಇದನ್ನು ನೋಡಿ, "ಹೊಂದಾಣಿಕೆಯಿಲ್ಲವೆಂಬುದು ಸಿದ್ಧವಾಯಿತಲ್ಲ" ಎನ್ನುತ್ತಾರೆ. ಸಿದ್ಧವಾದುದು ಇಷ್ಟೇ: ಇಬ್ಬರೂ ಉಪಚಾರವನ್ನು ಬಿಟ್ಟು ತಮ್ಮ ನಿಜರೂಪದಲ್ಲಿ ಒಬ್ಬರಿಗೊಬ್ಬರು ಕಾಣಿಸಿಕೊಂಡರು. ಇದು ಸಂಬಂಧದ ಅಂತ್ಯವಲ್ಲ, ಆರಂಭ. ದೂರದ ಬೆಟ್ಟವು ಕಣ್ಣಿಗೆ ನುಣ್ಣಗೆ ತೋರುತ್ತದೆ. ಹತ್ತಲಾರಂಭಿಸಿದವನಿಗೇ ಕಲ್ಲುಮುಳ್ಳುಗಳ ಅರಿವಾಗುವುದು. ಕಲ್ಲು ತಾಗಿತೆಂದು ಇಳಿದುಬಂದವನು ಮತ್ತೊಂದು ಬೆಟ್ಟದ ಬುಡಕ್ಕೆ ಹೋಗಿ ಅಲ್ಲಿಯೂ ಮೊದಲಿನಿಂದಲೇ ಹತ್ತಬೇಕು. ಮೂರು ವರ್ಷಗಳಲ್ಲಿ ಆರು ಸಹವಾಸಿಗಳನ್ನು ಬದಲಾಯಿಸಿದ ವಿದ್ಯಾರ್ಥಿಯು ಆರು ಮಂದಿಯನ್ನು ಬಲ್ಲವನಲ್ಲ. ಮೊದಲ ಎರಡು ತಿಂಗಳನ್ನು ಆರು ಬಾರಿ ಬಾಳಿದವನು.

ಮೂರನೆಯ ಋತುವು ಬರುವುದು ಉಪದೇಶದಿಂದಲ್ಲ, ಸದ್ಗುಣದಿಂದಲೂ ಅಲ್ಲ, ಅಗತ್ಯದಿಂದ. ರಾತ್ರಿ ಎರಡು ಗಂಟೆಗೆ ಒಬ್ಬನಿಗೆ ಜ್ವರ ಏರುತ್ತದೆ. ಆ ಹೊತ್ತಿನಲ್ಲಿ ಅವನ ಜಾತಿಯವರು ಮೂರನೆಯ ಮಹಡಿಯಲ್ಲಿ ಮಲಗಿದ್ದಾರೆ, ಅವನ ಊರಿನವರು ಇನ್ನೊಂದು ಕಟ್ಟಡದಲ್ಲಿದ್ದಾರೆ, ಅವನ ತಾಯಿ ನೂರು ಮೈಲಿಯಾಚೆ ಇದ್ದಾಳೆ. ಎದ್ದು ನೀರು ಕೊಡಬಲ್ಲವನು ಮಾತು ಬಿಟ್ಟಿರುವ ಆ ಒಬ್ಬನೇ. ಅವನು ಎದ್ದು ಕೊಡುತ್ತಾನೆ. ಮಾತನಾಡದೆಯೇ ಕೊಡುತ್ತಾನೆ; ಬೆಳಗಾಗುವಷ್ಟರಲ್ಲಿ ಮಾತು ಬಂದಿರುತ್ತದೆ. ಮನೆಯಿಂದ ಬರಬೇಕಾದ ಹಣ ತಡವಾದಾಗ, ಪರೀಕ್ಷೆಯಲ್ಲಿ ಒಬ್ಬನು ಹಿಂದೆ ಬಿದ್ದಾಗ, ತಂದೆಯ ಸಾವಿನ ಸುದ್ದಿ ಅಪರಾತ್ರಿಯಲ್ಲಿ ಫೋನಿನಲ್ಲಿ ಬಂದಾಗ, ಜೊತೆಯಲ್ಲಿರುವವನು ಯಾವ ಕಡೆಯವನೆಂದು ಯಾರೂ ಕೇಳುವುದಿಲ್ಲ. ಇಂಥ ಒಂದೆರಡು ರಾತ್ರಿಗಳು ಕಳೆದ ಮೇಲೆ ಟವಲೂ ಸಾಬೂನೂ ಇದ್ದಂತೆಯೇ ಇರುತ್ತವೆ, ಗಟ್ಟಿ ಓದೂ ನಿಲ್ಲುವುದಿಲ್ಲ. ಆದರೆ ಅವುಗಳನ್ನು ಕಂಡು ಸಿಡಿಮಿಡಿಗೊಳ್ಳುತ್ತಿದ್ದವನು ಈಗ ನಗುತ್ತಾನೆ. ಅಥವಾ ಗೊಣಗುತ್ತಲೇ ಟವಲನ್ನು ಎತ್ತಿ ಹಗ್ಗದ ಮೇಲೆ ಹರಡುತ್ತಾನೆ.

ಪ್ರತಿಯೊಂದು ಕೊಠಡಿಯೂ ಈ ಮೂರನೆಯ ಋತುವನ್ನು ಕಾಣುತ್ತದೆಂದು ಹೇಳಿದರೆ ಅದು ಅತಿಶಯೋಕ್ತಿಯಾದೀತು. ವರ್ಷದ ಕೊನೆಯವರೆಗೂ ಸೌಜನ್ಯದಾಚೆಗೆ ಹೋಗದವರುಂಟು. ಒಬ್ಬರನ್ನೊಬ್ಬರು ಸಹಿಸಿಕೊಂಡು ಬೇರೆಯಾದ ಮೇಲೆ ಒಂದು ಕಾಗದವನ್ನೂ ಬರೆಯದವರುಂಟು. ಕಾಲೇಜು ಮುಗಿದ ಮೇಲೆ ಮದುವೆಯ ಲಗ್ನಪತ್ರಿಕೆಯಿಂದ ಒಮ್ಮೆ ನೆನಪಾಗಿ ಮತ್ತೆ ಮರೆವಿಗೆ ಸಲ್ಲುವ ಸಂಬಂಧಗಳೇ ಹೆಚ್ಚೆಂದರೂ ತಪ್ಪಾಗದು. ಆದರೆ ವಿದ್ಯಾರ್ಥಿನಿಲಯವು ಸ್ನೇಹವನ್ನು ಒದಗಿಸಿಕೊಡಲು ಕಟ್ಟಿದ ಕಾರ್ಖಾನೆಯಲ್ಲ. ತನ್ನ ಮನೆಯ ರೂಢಿಯೇ ಲೋಕದ ರೂಢಿಯಲ್ಲವೆಂಬುದನ್ನು ಹದಿನೆಂಟು ವರ್ಷದ ಹುಡುಗನಿಗೆ ತಿಳಿಸುವುದು ಅದರ ಕೆಲಸ. ಈ ಪಾಠವನ್ನು ಹೇಳುವ ಪುಸ್ತಕವಿಲ್ಲ, ಉಪಾಧ್ಯಾಯನಿಲ್ಲ. ಪಕ್ಕದ ಮಂಚವೊಂದೇ ಇದೆ.

ಇಲ್ಲಿ ಚರಿತ್ರೆಯನ್ನು ಮುಂದಿಡುವವರುಂಟು. "ಜಾತಿಗೊಂದು ವಿದ್ಯಾರ್ಥಿನಿಲಯವನ್ನು ಕಟ್ಟಿದವರು ಹಿರಿಯರೇ ಅಲ್ಲವೆ? ಅವರು ತಪ್ಪು ಮಾಡಿದರೆ?" ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಯು ನ್ಯಾಯವಾದುದು. ಇದಕ್ಕೆ ನ್ಯಾಯವಾದ ಉತ್ತರ ಸಲ್ಲಬೇಕು. ಪಟ್ಟಣಗಳಲ್ಲಿ ದಿನಕ್ಕೊಂದು ಮನೆಯಲ್ಲಿ ಊಟಮಾಡಿಕೊಂಡು ವಾರಾನ್ನದಿಂದ ಓದಿದ ಬಡ ಹುಡುಗರ ಕಥೆಗಳನ್ನು ಕನ್ನಡಿಗರು ಬಹುಕಾಲದಿಂದ ಕೇಳಿದ್ದಾರೆ. ಆದರೆ ಆ ಊಟದ ಮನೆಗಳ ಬಾಗಿಲು ಎಲ್ಲ ಹುಡುಗರಿಗೂ ತೆರೆದಿರಲಿಲ್ಲ. ಒಕ್ಕಲು ಮಕ್ಕಳಿಗೆ, ಕುಶಲಕರ್ಮಿಗಳ ಮಕ್ಕಳಿಗೆ, ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಪಟ್ಟಣದಲ್ಲಿ ತಲೆಯೂರಲು ಸ್ಥಳವೇ ಇರಲಿಲ್ಲ. ಕೊಲ್ಲಾಪುರದ ಶಾಹು ಮಹಾರಾಜರು ೧೯೦೧ರಲ್ಲಿ ಮರಾಠಾ ವಿದ್ಯಾರ್ಥಿಗಳಿಗಾಗಿ ವಸತಿಗೃಹವನ್ನು ತೆರೆದು, ಆಮೇಲೆ ಜೈನ, ಲಿಂಗಾಯತ, ಮುಸಲ್ಮಾನ ಮೊದಲಾದ ಸಮಾಜಗಳಿಗೂ, ೧೯೦೮ರಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗೂ ಪ್ರತ್ಯೇಕ ನಿಲಯಗಳು ಏಳುವಂತೆ ಮಾಡಿದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ೧೮೯೭ರಲ್ಲಿಯೇ ದಲಿತೋದ್ಧಾರದ ಸಂಸ್ಥೆಯನ್ನು ಸ್ಥಾಪಿಸಿ ಆ ಮಕ್ಕಳ ವಿದ್ಯೆಗೆ ಮಾರ್ಗ ಮಾಡಿದರು. ಮೈಸೂರು ಸಂಸ್ಥಾನದಲ್ಲಿ ೧೯೦೬ರಲ್ಲಿ ಒಕ್ಕಲಿಗರ ಸಂಘವೂ, ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಬೆಳಗಾವಿಯಲ್ಲಿ ೧೯೧೬ರಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯೂ ಹುಟ್ಟಿದುದು ಅದೇ ಹಸಿವಿನಿಂದ.

ಆ ಹಿರಿಯರು ಕಟ್ಟಿದುದು ಏಣಿಯನ್ನು. ಊರೊಳಗೆ ಕಾಲಿಡಲು ಎಡೆಯಿಲ್ಲದವನನ್ನು ಅವರು ಏಣಿಯ ಮೇಲೆ ಹತ್ತಿಸಿ ಊರೊಳಗೆ ತಂದರು. ಈಗ ಸರ್ವರಿಗೂ ಸೇರಿದ ನಿಲಯದಲ್ಲಿ, ಸರ್ವರ ತೆರಿಗೆಯಿಂದ ನಡೆಯುವ ಕಾಲೇಜಿನಲ್ಲಿ, "ನಮ್ಮ ಹುಡುಗನಿಗೆ ನಮ್ಮವರೇ ಜೊತೆಗಿರಲಿ" ಎಂದು ಕೇಳುವವನು ಆ ಏಣಿಯನ್ನು ಅಡ್ಡಲಾಗಿ ಇಟ್ಟು ಬೇಲಿ ಮಾಡುತ್ತಿದ್ದಾನೆ. ವಸ್ತುವು ಒಂದೇ, ಉಪಯೋಗವು ವಿಪರೀತ. ಶಾಹು ಮಹಾರಾಜರ ಹೆಸರನ್ನು ಈ ಬೇಲಿಗೆ ಗೂಟವಾಗಿ ನೆಡುವುದು ಅವರಿಗೆ ಮಾಡುವ ಅಪಚಾರ.

ಸಹವಾಸವು ಏನನ್ನು ಮಾಡಬಲ್ಲುದು, ಸಹವಾಸವಿಲ್ಲದಿದ್ದರೆ ಏನಾಗಬಲ್ಲುದು ಎಂಬ ಎರಡಕ್ಕೂ ಸಾಕ್ಷಿಯನ್ನು ಒಬ್ಬ ಮಹಾಪುರುಷನ ಜೀವನದಲ್ಲಿಯೇ ಕಾಣಬಹುದು. ಡಾಕ್ಟರ್ ಭೀಮರಾವ್ ಅಂಬೇಡ್ಕರರು ಬರೋಡಾ ಮಹಾರಾಜರ ವಿದ್ಯಾರ್ಥಿವೇತನವನ್ನು ಪಡೆದು ೧೯೧೩ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಲಿವಿಂಗ್‌ಸ್ಟನ್ ಹಾಲ್ ಎಂಬ ನಿಲಯದಲ್ಲಿ ಅವರ ಸಹವಾಸಿಯಾದವರು ನವಲ್ ಭತೇನಾ ಎಂಬ ಪಾರ್ಸಿ ತರುಣರು. ಮುಂಬಯಿಯಲ್ಲಾಗಿದ್ದರೆ ಒಂದೇ ಸೂರಿನ ಕೆಳಗೆ ಮಲಗುವ ಸಂದರ್ಭ ಬರುತ್ತಿತ್ತೋ ಇಲ್ಲವೋ, ಅಂಥ ಇಬ್ಬರು. ಆ ಕೊಠಡಿಯ ದಿನಚರಿಯಿಂದ ಇಲ್ಲಿ ಆಗಬೇಕಾದುದೇನೂ ಇಲ್ಲ. ಅದರ ಫಲವು ಚರಿತ್ರೆಗೆ ಸೇರಿದೆ. ಭತೇನಾ ಅವರು ಅಂಬೇಡ್ಕರರ ಆಜೀವ ಸ್ನೇಹಿತರಾದರು. ಅರ್ಧಕ್ಕೆ ನಿಂತಿದ್ದ ಲಂಡನ್ನಿನ ವ್ಯಾಸಂಗವನ್ನು ಮುಗಿಸಲು ೧೯೨೦ರಲ್ಲಿ ಅಂಬೇಡ್ಕರರು ಮತ್ತೆ ಹೊರಟಾಗ ಅವರ ಕೈಯಲ್ಲಿದ್ದ ಹಣದಲ್ಲಿ ಸ್ವಂತ ಉಳಿತಾಯದೊಡನೆ ಶಾಹು ಮಹಾರಾಜರ ಸಹಾಯವೂ ಈ ಹಳೆಯ ಸಹವಾಸಿ ಕೊಟ್ಟ ಸಾಲವೂ ಸೇರಿದ್ದವು.

ಈ ಎರಡು ಕಾಲಗಳ ನಡುವೆ, ೧೯೧೭ರಲ್ಲಿ, ಅದೇ ಅಂಬೇಡ್ಕರರು ಉದ್ಯೋಗಕ್ಕಾಗಿ ಬರೋಡಾಕ್ಕೆ ಬಂದರು. ಹಿಂದೂ ಭೋಜನಶಾಲೆಗಳಲ್ಲಿ ಅವರಿಗೆ ಪ್ರವೇಶವಿರಲಿಲ್ಲ. ಕೊನೆಗೆ ಒಂದು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರನ್ನು ಬರೆಯಿಸಿಕೊಂಡು ತಂಗಿದರು. ಹನ್ನೊಂದನೆಯ ದಿನ ಬೆಳಗ್ಗೆ ದೊಣ್ಣೆ ಹಿಡಿದ ಸುಮಾರು ಹನ್ನೆರಡು ಮಂದಿ ಪಾರ್ಸಿಗಳು ಮಹಡಿಯನ್ನೇರಿ ಬಂದು, ಸಂಜೆಯೊಳಗೆ ತೆರವು ಮಾಡಬೇಕೆಂದು ಗದರಿಸಿದರು. ಅಂದು ಅವರು ಆಶ್ರಯ ಕೇಳಿದ ಇಬ್ಬರು ಸ್ನೇಹಿತರೂ ಒಂದೊಂದು ನೆಪವನ್ನು ಹೇಳಿ ಜಾರಿಕೊಂಡರು. ಈ ವೃತ್ತಾಂತವನ್ನು ಅಂಬೇಡ್ಕರರೇ ಬರೆದಿಟ್ಟಿದ್ದಾರೆ. ವಾಚಕರು ಈ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲಿ. ಕೊಠಡಿಯನ್ನು ಹಂಚಿಕೊಂಡವರೂ ಪಾರ್ಸಿಗಳು, ಕೊಠಡಿಯಿಂದ ಹೊರದೂಡಿದವರೂ ಪಾರ್ಸಿಗಳು. ಸಮಾಜವು ಒಂದೇ, ಧರ್ಮವು ಒಂದೇ. ಒಬ್ಬನು ಮನುಷ್ಯನನ್ನು ಬಲ್ಲವನಾಗಿದ್ದನು. ಉಳಿದವರು ಅವನ "ಕಡೆ"ಯನ್ನು ಮಾತ್ರ ಬಲ್ಲವರಾಗಿದ್ದರು. ಸಹವಾಸಿಯನ್ನು ಆರಿಸಿಕೊಳ್ಳುವ ಹಕ್ಕೆಂದು ಈಗ ಮೃದುವಾಗಿ ಹೇಳುವುದಕ್ಕೆ ಆ ದೊಣ್ಣೆ ಹಿಡಿದವರು ಗಟ್ಟಿಯಾದ ರೂಪವನ್ನು ಕೊಟ್ಟರು, ಅಷ್ಟೆ.

ಒಬ್ಬರ ಜೀವನದಿಂದ ನಿಯಮವನ್ನು ತೆಗೆಯಲಾಗದೆಂದು ಯಾರಾದರೂ ಆಕ್ಷೇಪಿಸಿದರೆ ಅವರಿಗೆ ಈಚಿನ ಪರಿಶೀಲನೆಗಳು ಉತ್ತರ ಕೊಡುತ್ತವೆ. ಅಮೆರಿಕದಲ್ಲಿ ನಟಾಲಿ ಶುಕ್ ಮತ್ತು ರಸೆಲ್ ಫಾಜಿಯೊ ಎಂಬ ಮನಶ್ಶಾಸ್ತ್ರಜ್ಞರು ಹೊಸ ವಿದ್ಯಾರ್ಥಿಗಳ ಕೊಠಡಿಗಳನ್ನು ಪರೀಕ್ಷಿಸಿ ೨೦೦೮ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಅಲ್ಲಿ ಸಹವಾಸಿಗಳನ್ನು ಗೊತ್ತುಮಾಡಿದುದು ವಿದ್ಯಾರ್ಥಿಗಳ ಇಷ್ಟದಿಂದಲ್ಲ, ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ. ಅವಧಿಯ ಮೊದಲಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಪರೀಕ್ಷೆ ನಡೆಯಿತು. ಬಿಳಿಯ ಹುಡುಗನೊಡನೆ ಕರಿಯ ಹುಡುಗನಿದ್ದ ಕೊಠಡಿಗಳಲ್ಲಿ ಸಂತೋಷವು ಕಡಮೆ, ಒಡನಾಟವು ಕಡಮೆ. ಹಕ್ಕಿನ ವಾದಿಗಳು ಇಲ್ಲಿಗೇ ಪುಸ್ತಕವನ್ನು ಮುಚ್ಚಿ, "ನೋಡಿ, ಹೊಂದಾಣಿಕೆಯಿಲ್ಲ" ಎಂದಾರು. ಆದರೆ ಮುಂದಿನ ಪುಟವೂ ಉಂಟು. ಅದೇ ಕೊಠಡಿಗಳ ಬಿಳಿಯ ಹುಡುಗರಲ್ಲಿ, ತಮಗೇ ಅರಿವಿಲ್ಲದೆ ಮನಸ್ಸಿನ ತಳದಲ್ಲಿದ್ದ ವರ್ಣದ್ವೇಷವು ಅವಧಿ ಮುಗಿಯುವಷ್ಟರಲ್ಲಿ ಇಳಿದಿತ್ತು. ತಮ್ಮವರೊಡನೆಯೇ ಇದ್ದವರಲ್ಲಿ ಹಾಗೆ ಇಳಿಯಲಿಲ್ಲ. ಹೊರಗೆ ಗೊಣಗಾಟ, ಒಳಗೆ ಪರಿವರ್ತನೆ. ಕೊಠಡಿಯು ಸುಖವಾಗಿದೆಯೆ ಎಂದು ಕೇಳುವುದೂ, ಕೊಠಡಿಯು ಕಲಿಸುತ್ತಿದೆಯೆ ಎಂದು ಕೇಳುವುದೂ ಬೇರೆ ಬೇರೆ ಪ್ರಶ್ನೆಗಳೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ವರ್ಣಭೇದವನ್ನೇ ರಾಜ್ಯನೀತಿಯಾಗಿ ಮಾಡಿಕೊಂಡಿದ್ದ ದಕ್ಷಿಣ ಆಫ್ರಿಕದಲ್ಲಿ, ಕೇಪ್‌ಟೌನ್ ವಿಶ್ವವಿದ್ಯಾನಿಲಯದ ನಿಲಯಗಳಲ್ಲಿಯೂ ಇಂಥ ಪರಿಶೀಲನೆ ನಡೆದು ಅದರ ಫಲವು ೨೦೨೨ರಲ್ಲಿ ಪ್ರಕಟವಾಯಿತು. ಕರಿಯ ಸಹವಾಸಿಯು ದೊರೆತ ಬಿಳಿಯ ವಿದ್ಯಾರ್ಥಿಗಳಲ್ಲಿ ಕರಿಯರನ್ನು ಕುರಿತ ಕೀಳು ಭಾವನೆಯು ತಗ್ಗಿತು. ಬೇರೆ ವರ್ಣದವರೊಡನೆ ವಾಸಮಾಡಿದ ಕರಿಯ ವಿದ್ಯಾರ್ಥಿಗಳ ಪರೀಕ್ಷಾಫಲವು ಉತ್ತಮಗೊಂಡಿತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದವರು ೨೦೧೮ರಲ್ಲಿ, ಮೊದಲನೆಯ ವರ್ಷದ ವಿದ್ಯಾರ್ಥಿಗಳು ತಮ್ಮ ಸಹವಾಸಿಗಳನ್ನು ತಾವೇ ಆರಿಸಿಕೊಳ್ಳುವ ಪದ್ಧತಿಯನ್ನು ನಿಲ್ಲಿಸಿದರು. ಸ್ವಾತಂತ್ರ್ಯದ ಹೆಸರಿನಲ್ಲಿ ಪಶ್ಚಿಮ ದೇಶಗಳನ್ನು ಉದಾಹರಿಸುವವರು ಇದನ್ನೂ ಉದಾಹರಿಸಲಿ.

ಭರತಖಂಡದಲ್ಲಿಯೂ ಇದಕ್ಕೆ ಮಾದರಿಗಳಿಲ್ಲದಿಲ್ಲ. ತುಮಕೂರಿನ ಬಳಿಯ ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳವರ ಕಾಲದಲ್ಲಿ ಬೆಳೆದ ಉಚಿತ ವಿದ್ಯಾರ್ಥಿನಿಲಯದಲ್ಲಿ ಸಾವಿರಾರು ಹುಡುಗರು ಜಾತಿಮತಗಳ ಎಣಿಕೆಯಿಲ್ಲದೆ ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಸೂರಿನಡಿ ಮಲಗಿ ಓದಿದರು. ಮಠವೊಂದು ಹೀಗೆ ನಡೆದುಕೊಂಡಿರಲು, ಸರಕಾರದ ಕಾಲೇಜು ಹಿಂಜರಿಯುವುದಕ್ಕೆ ಕಾರಣವಿಲ್ಲ. ೧೯೮೬ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲೆಗೊಂದರಂತೆ ಹರಡಿದ ನವೋದಯ ವಿದ್ಯಾಲಯಗಳ ಯೋಜನೆಯಲ್ಲಿ ಇನ್ನೂ ಧೈರ್ಯದ ಏರ್ಪಾಡು ಒಂದುಂಟು. ಒಂಬತ್ತನೆಯ ತರಗತಿಯ ಮಕ್ಕಳಲ್ಲಿ ಶೇಕಡ ೩೦ರಷ್ಟು ಮಂದಿಯನ್ನು ಹಿಂದಿ ಸೀಮೆಗೂ ಇತರ ಸೀಮೆಗಳಿಗೂ ನಡುವೆ ಅದಲುಬದಲು ಮಾಡಬೇಕೆಂಬುದೇ ಅದು. ಕನ್ನಡವನ್ನು ಬಿಟ್ಟು ಬೇರೆ ಭಾಷೆಯನ್ನು ಮನೆಯಲ್ಲಿ ಕೇಳದ ಹಳ್ಳಿಯ ಹುಡುಗನು ಹದಿನಾಲ್ಕನೆಯ ವಯಸ್ಸಿನಲ್ಲಿ ಉತ್ತರದೇಶದ ಹುಡುಗರ ನಡುವೆ ಮಂಚ ಹಿಡಿಯುತ್ತಾನೆ. ಹದಿನಾಲ್ಕರ ಬಾಲಕನಿಂದ ದೇಶವು ಇಷ್ಟನ್ನು ನಿರೀಕ್ಷಿಸಬಹುದಾದರೆ, ಮತದಾನದ ವಯಸ್ಸಿಗೆ ಬಂದ ಕಾಲೇಜು ವಿದ್ಯಾರ್ಥಿಯಿಂದ ಪಕ್ಕದ ತಾಲ್ಲೂಕಿನವನನ್ನು ಸಹಿಸುವುದನ್ನು ನಿರೀಕ್ಷಿಸಬಾರದೆ?

ಇನ್ನು ಎದುರುವಾದಗಳು. "ಸಹವಾಸದೋಷದಿಂದ ಸನ್ಯಾಸಿ ಕೆಟ್ಟ" ಎಂಬ ಗಾದೆಯನ್ನು ತಂದೆಯವರು ಮುಂದಿಡುತ್ತಾರೆ. ದುಶ್ಚಟಗಳು ಸಹವಾಸದಿಂದ ಅಂಟುವುದು ನಿಜ. ಆದರೆ ಸ್ವಜಾತಿಯವರಲ್ಲಿ ಸಿಗರೇಟು ಸೇದುವವರಿಲ್ಲವೆಂದೂ, ಸ್ವಂತ ಊರಿನವರಲ್ಲಿ ಇಸ್ಪೀಟು ಆಡುವವರಿಲ್ಲವೆಂದೂ ಅವರು ಮೊದಲು ತೋರಿಸಿಕೊಡಬೇಕು. ಗಾದೆಯು ದೋಷವನ್ನು ಕುರಿತು ಹೇಳಿತೇ ಹೊರತು ಕುಲವನ್ನು ಕುರಿತಲ್ಲ. "ಆಹಾರದ ಮಾತೇನು?" ಎಂದು ಕೇಳುವವರಿಗೆ ಉತ್ತರ ಸುಲಭ: ಕೊಠಡಿಯು ಮಲಗುವುದಕ್ಕೂ ಓದುವುದಕ್ಕೂ ಇರುವುದು, ಉಣ್ಣುವುದಕ್ಕೆ ಊಟದ ಮನೆಯುಂಟು, ತನ್ನ ತಟ್ಟೆಯಲ್ಲಿ ಬೇಡವಾದುದನ್ನು ಬೇಡವೆನ್ನುವ ಹಕ್ಕು ಎಲ್ಲರಿಗೂ ಉಂಟು. ಇನ್ನೊಬ್ಬನ ತಟ್ಟೆಯ ಮೇಲೆ ಹಕ್ಕು ಯಾರಿಗೂ ಇಲ್ಲ. "ಓದಿಗೆ ಏಕಾಂತ ಬೇಡವೆ?" ಎಂಬುದು ಇವುಗಳಿಗಿಂತ ತೂಕದ ಪ್ರಶ್ನೆ. ಏಕಾಂತ ಬೇಕು. ಅದಕ್ಕೆ ರಾತ್ರಿ ಹತ್ತರವರೆಗೂ ತೆರೆದಿರುವ ವಾಚನಾಲಯ ಬೇಕು, ಪ್ರತಿಯೊಬ್ಬನಿಗೂ ಬೀಗವಿರುವ ಕಪಾಟು ಬೇಕು, ದೀಪ ಆರಿಸುವ ಹೊತ್ತಿಗೆ ಒಂದು ನಿಯಮ ಬೇಕು. ಇವುಗಳಿಗೆ ತಗಲುವ ವೆಚ್ಚವು ಒಂಟಿ ಕೊಠಡಿಗಳಿಗಿಂತ ಬಹಳ ಕಡಮೆ. ಹಣವುಳ್ಳವನಿಗೆ ಏಕಾಂತವನ್ನು ಮಾರಿ, ಹಣವಿಲ್ಲದವರನ್ನು ಆರಾರು ಮಂದಿಯಾಗಿ ಒಂದು ಕೊಠಡಿಯಲ್ಲಿ ತುಂಬುವ ನಿಲಯವು ವಿದ್ಯಾರ್ಥಿನಿಲಯವಲ್ಲ, ಹೋಟೆಲು.

ಎಲ್ಲಕ್ಕಿಂತ ಭಾರವಾದ ಆಕ್ಷೇಪಣೆಯು ಮತ್ತೊಂದು ಕಡೆಯಿಂದ ಬರುತ್ತದೆ. ಅದನ್ನು ಹಗುರವಾಗಿ ಕಾಣಲಾಗದು. "ಕಾಲದಿಂದ ಎಲ್ಲವೂ ಸರಿಹೋಗುತ್ತದೆಂದು ಹೇಳುವಿರಿ, ಸರಿಹೋಗುವ ತನಕ ಅವಮಾನವನ್ನು ನುಂಗುವವನು ಯಾರು?" ಎಂದು ಕೆಳಜಾತಿಯೆಂದು ಕರೆಯಿಸಿಕೊಂಡ ಮನೆಯ ವಿದ್ಯಾರ್ಥಿ ಕೇಳುತ್ತಾನೆ. ತನ್ನ ಕೊಡದ ನೀರನ್ನು ಮುಟ್ಟದವನೊಡನೆ, ತನ್ನ ಹಾಸಿಗೆಗೆ ತಾಗಿದ ಬಟ್ಟೆಯನ್ನು ಒಗೆಯಲು ಹಾಕುವವನೊಡನೆ, ಒಂದು ಅವಧಿಯನ್ನು ಕಳೆಯೆಂದು ಅವನಿಗೆ ಉಪದೇಶಿಸುವ ಅಧಿಕಾರ ಯಾರಿಗೂ ಇಲ್ಲ. ಟವಲಿನ ಜಗಳವೂ ಜಾತಿನಿಂದೆಯೂ ಒಂದೇ ಅಲ್ಲ. ಮೊದಲನೆಯದಕ್ಕೆ ಮದ್ದು ಕಾಲ. ಎರಡನೆಯದಕ್ಕೆ ಮದ್ದು ಶಾಸನ. ಜಾತಿನಿಂದೆಗೆ ೧೯೮೯ರ ದೌರ್ಜನ್ಯ ನಿರೋಧ ಕಾಯಿದೆಯುಂಟು, ಹೊಸಬರ ಹಿಂಸೆಗೆ ವಿಶ್ವವಿದ್ಯಾನಿಲಯ ಅನುದಾನ ಆಯೋಗದವರು ೨೦೦೯ರಲ್ಲಿ ಮಾಡಿದ ನಿಯಮಗಳುಂಟು. ಅಂಥ ಕಡೆ ಒಂದು ದಿನವೂ ತಡ ಮಾಡಬಾರದು.

ಆದರೆ ಅಂಥ ಸಂದರ್ಭದಲ್ಲಿ ಕೊಠಡಿಯನ್ನು ಬಿಡಬೇಕಾದವನು ಯಾರು? "ನಿನ್ನ ಸಮಾಧಾನಕ್ಕಾಗಿ" ಎಂದು ನಯವಾಗಿ ಹೇಳಿ, ನೊಂದವನ ಹಾಸಿಗೆಯನ್ನೇ ಸುತ್ತಿಸಿ "ಅವನವರ" ಕೊಠಡಿಗೆ ಕಳುಹಿಸುವುದು ಮೇಲ್ವಿಚಾರಕರಿಗೆ ಸುಲಭವಾದ ದಾರಿ. ನೋಯಿಸಿದವನು ಕಿಟಕಿಯ ಪಕ್ಕದ ಮಂಚದಲ್ಲಿಯೇ ಉಳಿಯುತ್ತಾನೆ. ಅವನಿಗೆ ಬೇಕಾಗಿದ್ದುದೂ ಅದೇ. ಕೇಳಿದೊಡನೆ ಬದಲಾವಣೆ ಎಂಬ ಹಕ್ಕು ಇಲ್ಲಿ ಯಾರ ಕೈಗೆ ಆಯುಧವಾಗುತ್ತದೆಂಬುದನ್ನು ಅದರ ಪ್ರತಿಪಾದಕರು ಯೋಚಿಸಿದಂತೆ ತೋರುವುದಿಲ್ಲ. ಬಲವುಳ್ಳವನು ಕೊಠಡಿ ಬದಲಾಯಿಸಿದರೆ ಅದಕ್ಕೆ ಇಷ್ಟವೆಂದು ಹೆಸರು. ಬಲವಿಲ್ಲದವನು ಬದಲಾಯಿಸಿದರೆ ಅದಕ್ಕೆ ಗಡೀಪಾರೆಂದು ಹೆಸರು.

ಆದಕಾರಣ ಮಾಡಬೇಕಾದ ಏರ್ಪಾಡು ಸರಳವಾದುದು. ಮೊದಲನೆಯ ವರ್ಷದ ವಿದ್ಯಾರ್ಥಿಗಳಿಗೆ ಕೊಠಡಿಗಳನ್ನು ಎ‌ಲ್ಲರೆದುರಿಗೆ ಚೀಟಿಯೆತ್ತಿ ಹಂಚಬೇಕು. ಅರ್ಜಿಯ ನಮೂನೆಯಲ್ಲಿ ಜಾತಿಯ ಅಂಕಣವು ಮೀಸಲಾತಿಗೂ ವಿದ್ಯಾರ್ಥಿವೇತನಕ್ಕೂ ಬೇಕಾದೀತು. ಕೊಠಡಿಯನ್ನು ಹಂಚುವವರ ಕಣ್ಣಿಗೆ ಅದು ಬೀಳಕೂಡದು. ಮೊದಲನೆಯ ಅವಧಿ ಮುಗಿಯುವವರೆಗೂ ಬರಿಯ ಮನಸ್ತಾಪದ ಮೇಲೆ ಬದಲಾವಣೆಯನ್ನು ಕೊಡಕೂಡದು. ಹೊಡೆತ, ಕಳವು, ನಿಂದೆ, ಭಯ, ರೋಗ—ಇವುಗಳಲ್ಲಿ ಒಂದಿದ್ದರೆ ಅಂದೇ ಕ್ರಮ ನಡೆಯಬೇಕು. ತಪ್ಪು ಮಾಡಿದವನೇ ಕೊಠಡಿಯನ್ನು ಬಿಡಬೇಕು. ಹುಡುಗಿಯರ ನಿಲಯಗಳಿಗೂ ಇದೇ ನಿಯಮ ಸಲ್ಲಬೇಕು. "ಹೆಣ್ಣುಮಕ್ಕಳ ವಿಷಯ ಬೇರೆ" ಎಂಬ ನೆಪದಿಂದಲೇ ಅವರನ್ನು ಜಾತಿಯ ಗೂಡುಗಳಲ್ಲಿ ಭದ್ರಪಡಿಸುವುದು ಸುಲಭವಾಗಿದೆ. ಎರಡನೆಯ ವರ್ಷದಲ್ಲಿ ಇಷ್ಟಬಂದವರನ್ನು ಆರಿಸಿಕೊಳ್ಳುವ ಅವಕಾಶವಿರಲಿ. ಮನುಷ್ಯರನ್ನು ಬಲ್ಲವನ ಆಯ್ಕೆಗೆ ಬೆಲೆಯುಂಟು. ಇವೆಲ್ಲಕ್ಕಿಂತಲೂ ಮೇಲಾಗಿ, ಮೇಲ್ವಿಚಾರಕರು ಕಚೇರಿಯಲ್ಲಿ ಕುಳಿತು ಅರ್ಜಿಗಳ ಮೇಲೆ ರುಜು ಹಾಕುವುದನ್ನು ಬಿಟ್ಟು ವಾರಕ್ಕೊಮ್ಮೆಯಾದರೂ ಕೊಠಡಿಗಳ ಹೊಸ್ತಿಲನ್ನು ದಾಟಬೇಕು. ಗೋಡೆಯ ಕಡೆಗೆ ಮುಖ ತಿರುಗಿಸಿ ಮಲಗಿದ ಇಬ್ಬರನ್ನು ಕಂಡೊಡನೆ, ಅದು ಕಾಲಕ್ಕೆ ಬಿಡಬೇಕಾದ ಮೌನವೋ ಕೂಡಲೇ ಮುರಿಯಬೇಕಾದ ಮೌನವೋ ಎಂದು ತಿಳಿಯುವ ಕಣ್ಣು ಅವರಿಗಿರಬೇಕು. ಆ ಕಣ್ಣಿಲ್ಲದವರು ಬೇರೆ ಉದ್ಯೋಗವನ್ನು ಹಿಡಿಯಬಹುದು.

ತಂದೆತಾಯಿಗಳಿಂದ ಆಗಬೇಕಾದ ಕೆಲಸವು ಇನ್ನೂ ಚಿಕ್ಕದು. ಟ್ರಂಕನ್ನು ಒಳಗಿಟ್ಟ ಮೇಲೆ, ಪಕ್ಕದ ಮಂಚದ ಹುಡುಗನನ್ನು "ಯಾವ ಕಡೆಯವನಪ್ಪಾ?" ಎಂದು ಕೇಳುವ ಬದಲು, ಅವನ ಹೆಸರನ್ನು ಕೇಳಿ ಕೋಡುಬಳೆಯ ಡಬ್ಬಿಯನ್ನು ಅವನ ಮುಂದೆಯೂ ಹಿಡಿಯಲಿ. ಎರಡು ತಿಂಗಳಾದ ಮೇಲೆ ಮಗನು ಫೋನಿನಲ್ಲಿ ಅಳುತ್ತಾ ಅವನ ಮೇಲೆ ದೂರು ಹೇಳಿದಾಗ, ಮೊದಲು ಸಮಾಧಾನದಿಂದ ಕೇಳಿ, ಅದು ಟವಲಿನ ದೂರೋ ಮಾನದ ದೂರೋ ಎಂದು ವಿಚಾರಿಸಲಿ. ಮಾನದ ದೂರಾಗಿದ್ದರೆ ಆ ರಾತ್ರಿಯೇ ಬಸ್ಸು ಹತ್ತಲಿ. ಟವಲಿನ ದೂರಾಗಿದ್ದರೆ ದೀಪಾವಳಿಯ ರಜೆಗೆ ಆ ಹುಡುಗನನ್ನೂ ಮನೆಗೆ ಕರೆದುಕೊಂಡು ಬರುವಂತೆ ಹೇಳಲಿ.